ಸೌತೆಕಾಯಿಯ ಸಾಕ್ಷಿ

ಟಿಂಚರ್ ಅಯೋಡಿನ್ನಿನ ವಾಸನೆ ಎಂದರೆ ನನಗೆ ಅಪ್ಪ. ಅರಸೀಕೆರೆಯ ರೈಲ್ವೆ ಆಸ್ಪತ್ರೆಯಲ್ಲಿ ಅವರು ಕಾಂಪೌಂಡರ್ ಆಗಿದ್ದರು. ಸಂಜೆ ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ನಡುಮನೆಯ ತುಂಬ ಅದೇ ವಾಸನೆ. ತುಕ್ಕಿನಂಥದು, ಉಪ್ಪಿನಂಥದು, ಮೂಗನ್ನು ಸ್ವಲ್ಪ ಸುಡುವಂಥದು. "ಆಸ್ಪತ್ರೇನೇ ಹೊತ್ಕೊಂಡು ಬರ್ತೀರಿ" ಎಂದು ಅಮ್ಮ ಗೊಣಗುತ್ತಿದ್ದಳು. ನಾನು ಯಾರೂ ಇಲ್ಲದ ಹೊತ್ತು ನೋಡಿ ಆ ಅಂಗಿಯ ತೋಳಿಗೆ ಮೂಗಿಟ್ಟು ನಿಲ್ಲುತ್ತಿದ್ದೆ. ಒಂದು ದಿನ ಅಪ್ಪ ಗಂಜಿಯ ಲೋಟಕ್ಕೆ ಒಂದೇ ಒಂದು ಹನಿ ಟಿಂಚರ್ ಬಿಟ್ಟರು. ಬೆಳ್ಳಗಿದ್ದ ಗಂಜಿ ಕಣ್ಣೆದುರೇ ಕಡುನೀಲಿಯಾಯಿತು. ನಾನು ಮುಂದೆ ಕೆಮಿಸ್ಟ್ರಿ ಓದಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಓದಿದೆ, ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದೆ. ಹುಡುಗಿಯರು ಎಲ್ಲಕ್ಕಿಂತ ಇಷ್ಟಪಡುತ್ತಿದ್ದದ್ದು ವಿಟಮಿನ್ ಸಿ ಅಳೆಯುವ ಪ್ರಯೋಗ. ಬ್ಯುರೆಟ್ಟಿನಿಂದ ಒಂದು ನೀಲಿ ಬಣ್ಣವನ್ನು ಹಣ್ಣಿನ ರಸಕ್ಕೆ ಹನಿಹನಿಯಾಗಿ ಬಿಡಬೇಕು. ರಸದಲ್ಲಿ ವಿಟಮಿನ್ ಇರುವ ತನಕ ಬಣ್ಣ ಮಾಯವಾಗುತ್ತಲೇ ಇರುತ್ತದೆ. ಅದು ಮುಗಿದ ಮೇಲೆ ಬಿದ್ದ ಹನಿ ತಿಳಿಗುಲಾಬಿಯಾಗಿ ನಿಂತುಬಿಡುತ್ತದೆ. ಎಷ್ಟು ಬಣ್ಣ ಮಾಯವಾಯಿತೋ ಅಷ್ಟು ವಿಟಮಿನ್. ನಿಂಬೆ, ಕಿತ್ತಳೆ, ಸೀಬೆ, ನೆಲ್ಲಿಕಾಯಿ ನಾಲ್ಕನ್ನೂ ಸ್ಪರ್ಧೆಗೆ ಇಡುತ್ತಿದ್ದೆವು. ಪ್ರತಿವರ್ಷ ನೆಲ್ಲಿಕಾಯಿಗೇ ಗೆಲುವು. ನೂರು ಗ್ರಾಮಿಗೆ ಆರುನೂರು ಮಿಲಿಗ್ರಾಂ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಈ ಆರುನೂರು ನನ್ನ ಜೊತೆ ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೂ ಬಂದಿತ್ತು. ೨೦೧೪ರಲ್ಲಿ ನಾನು ಪರ್ತಿನಲ್ಲಿ, ಪಿಯಾರಾ ವಾಟರ್ಸ್ ಎಂಬ ಬಡಾವಣೆಯಲ್ಲಿದ್ದ ಮಗಳ ಮನೆಯಲ್ಲಿದ್ದೆ. ಮಧುರಾ, ಅಳಿಯ ಗುರುದತ್ ಇಬ್ಬರೂ ಸಿಟಿಯಲ್ಲಿ ಕೆಲಸಕ್ಕೆ ಹೋಗುವವರು, ಮೊಮ್ಮಗಳು ಸ್ಕೂಲಿಗೆ. ಹಗಲೆಲ್ಲ ನನ್ನದೇ ರಾಜ್ಯ. ಹತ್ತು ಗಂಟೆಯ ಬಸ್ಸು ಹಿಡಿದು ಲೈಬ್ರರಿಗೆ ಹೋಗುತ್ತಿದ್ದೆ. ನನ್ನ ಮಂಡಿಯ ಪಾಡು ನೋಡಿ ಡ್ರೈವರ್ ಕೇಳದೆಯೇ ಬಸ್ಸನ್ನು ಫುಟ್‌ಪಾತಿನ ಮಟ್ಟಕ್ಕೆ ತಗ್ಗಿಸುತ್ತಿದ್ದ. ಇಳಿಯುವಾಗ ಎಲ್ಲರೂ ಅವನಿಗೆ ಥ್ಯಾಂಕ್ಸ್ ಹೇಳಿ ಇಳಿಯುವುದು ಇಲ್ಲಿಯ ರೂಢಿ. ನಾನು ಒಂದು ದಿನ "ಥ್ಯಾಂಕ್ಯೂ ಕಣಪ್ಪಾ" ಎಂದುಬಿಟ್ಟೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಕನ್ನಡವಾ ಆಂಟಿ?"

ವೆಲಿಟಾ ಸಿಕ್ಕಿದ್ದು ಹಾಗೆ. ನಲವತ್ತರ ಆಚೀಚೆಯ ಹೆಂಗಸು, ಉಡುಪಿಯ ಕಡೆಯ ಕ್ರಿಶ್ಚಿಯನ್ನರು. ಕುವೈತಿನ ಔಷಧಿ ಅಂಗಡಿಯಲ್ಲಿ ಹನ್ನೆರಡು ವರ್ಷ ಫಾರ್ಮಸಿಸ್ಟ್ ಆಗಿದ್ದಳು. ಗಂಡ ಲಿಯೋನಾರ್ಡ್ ಏಸಿ ಮೆಕ್ಯಾನಿಕ್. ನಮ್ಮಿಂದ ಹತ್ತು ನಿಮಿಷದ ಸದರ್ನ್ ರಿವರ್ ಬಡಾವಣೆಯಲ್ಲಿ ಮನೆ. ಎರಡನೇ ಭೇಟಿಗೇ ನಾನು 'ಟೀಚರ್ ಆಂಟಿ' ಆದೆ, ಮೂರನೆಯದಕ್ಕೆ ಅವಳು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಳು; ನಮ್ಮದು ಮೀನು, ಮೊಟ್ಟೆ ಒಳಗೆ ಬಾರದ ಮನೆಯೆಂದೂ ಅವಳಿಗೆ ಗೊತ್ತಾಗಿತ್ತು.

"ಕುವೈತಲ್ಲಿ ಬಿಳಿ ಕೋಟು ಹಾಕಿ ನಿಂತವಳು ಆಂಟಿ ನಾನು" ಎಂದಳು ಆ ದಿನ. "ಇಲ್ಲಿ ನನ್ನ ಡಿಗ್ರಿಯನ್ನು ಇನ್ನೂ ಒಪ್ಪಲಿಲ್ಲ. ವೃದ್ಧಾಶ್ರಮದಲ್ಲಿ ಅಜ್ಜಂದಿರಿಗೆ ಸಾಕ್ಸ್ ಹಾಕ್ತೇನೆ. ಬೇಜಾರಿಲ್ಲ, ಪಾಪ ಒಳ್ಳೆಯವರು. ಆದ್ರೆ ನಂದು ಅಂತ ಒಂದು ಬೇಕಲ್ಲವಾ?"

'ನಂದು' ಎಂದು ಅವಳು ಚೀಲದಿಂದ ತೆಗೆದಿಟ್ಟದ್ದು ಒಂದು ಡಬ್ಬಿ ನೆಲ್ಲಿಕಾಯಿ ಪುಡಿ. ಅವಳ ತಮ್ಮ ಎಲ್ರೊಯ್‌ಗೆ ಬ್ರಿಸ್ಬೇನಿನ ಉತ್ತರಕ್ಕೆ ಒಂದು ತೋಟವಿತ್ತು. ಹಿಂದಿನ ಮಾಲೀಕ ನೆಟ್ಟ ನೆಲ್ಲಿಮರಗಳು ಬುಡದ ತುಂಬ ಕಾಯಿ ಉದುರಿಸಿ ಕೊಳೆಸುತ್ತಿದ್ದವು. ಹುಳು, ರೋಗ ಬಂದೀತೆಂದು ಹಸಿ ಹಣ್ಣನ್ನು ಪರ್ತಿಗೆ ತರಲು ಇಲ್ಲಿಯ ಕ್ವಾರಂಟೀನಿನವರು ಬಿಡರು. ಹಾಗಾಗಿ ಎಲ್ರೊಯ್ ಅಲ್ಲೇ ಹೆಚ್ಚಿ ಒಣಗಿಸಿ ಕಳಿಸುವುದು, ಇವಳು ಇಲ್ಲಿ ಪುಡಿ ಮಾಡಿ ಬಾಟಲಿಗೆ ತುಂಬುವುದು. ದಿನಕ್ಕೊಂದು ಚಮಚ, ನೀರಿಗೋ ಮೊಸರಿಗೋ ಕಲಸಿಕೊಂಡರೆ ಆಯಿತು.

"ಇದರಲ್ಲಿ ವಿಟಮಿನ್ ಸಿ ಎಷ್ಟುಂಟು ಆಂಟಿ? ಲೇಬಲ್ಲಿಗೆ ಹಾಕ್ಬೇಕು."

ಕೇಳಬಾರದವರನ್ನು ಕೇಳಿದ್ದಳು. ನಾನು ಮಧುರಾಳ ಕರೆಂಟ್ ಬಿಲ್ಲಿನ ಲಕೋಟೆಯನ್ನು ತಿರುಗಿಸಿ ಲೆಕ್ಕ ಹಾಕಿದೆ. ಹಸಿ ನೆಲ್ಲಿಯಲ್ಲಿ ಆರುನೂರು. ನೀರು ಐದರಲ್ಲಿ ನಾಲ್ಕು ಪಾಲು, ಅದು ಹೋದರೆ ಮೂರು ಸಾವಿರ. ಐದು ಗ್ರಾಮಿನ ಚಮಚಕ್ಕೆ ನೂರೈವತ್ತು ಮಿಲಿಗ್ರಾಂ. ಕೆಳಗೆ ಎರಡು ಗೆರೆ ಎಳೆದೆ, ಕಾಲೇಜಿನಲ್ಲಿ ಎಳೆಯುತ್ತಿದ್ದ ಹಾಗೆ. ವೆಲಿಟಾ ಲಕೋಟೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.

ಎರಡು ವಾರದಲ್ಲಿ ಲೇಬಲ್ಲು ಅಚ್ಚಾಗಿ ಬಂತು. ಹಸಿರು ಎಲೆಯ ನಡುವೆ ದಪ್ಪಕ್ಷರದಲ್ಲಿ ನನ್ನ ನೂರೈವತ್ತು.

"ಮೊದ್ಲು ಪರೀಕ್ಷೆ ಮಾಡಿಸ್ಬೇಕಿತ್ತಲ್ಲಮ್ಮ?" ಎಂದೆ, ಸ್ವಲ್ಪ ಗಾಬರಿಯಿಂದ.

"ನೀವೇ ಹೇಳಿದ್ರಲ್ಲ ಆಂಟಿ!" ಎಂದಳು ವೆಲಿಟಾ, ಬೈಬಲ್ಲಿನಲ್ಲೇ ಬರೆದಿದೆ ಎನ್ನುವ ದನಿಯಲ್ಲಿ. ಲಿಯೋನಾರ್ಡ್ ಕೂಡ ತಲೆಯಾಡಿಸಿದ. ಆಸ್ಟ್ರೇಲಿಯಾದವನು ಯಾರಾದರೂ ಹೇಳಿದ್ದರೆ ಮೂರು ಸಲ ಪ್ರಶ್ನೆ ಕೇಳುತ್ತಿದ್ದ ದಂಪತಿಗಳು, ತಲೆ ನರೆತ ಟೀಚರನ್ನು ಮರುಪ್ರಶ್ನೆ ಮಾಡುವುದು ಮರ್ಯಾದೆಯಲ್ಲ ಎಂದು ಬಿಟ್ಟಿದ್ದರು. ನನಗೂ ಅದು ಒಳಗೊಳಗೇ ಹಿತವಾಗಿತ್ತು, ಸುಳ್ಳು ಹೇಳುವುದೇಕೆ.

ಪರೀಕ್ಷೆಯನ್ನೂ ಮಾಡಿಸಿದೆವು. ಪರ್ತಿನ ಹೊರವಲಯದ ಒಂದು ಸಣ್ಣ ಲ್ಯಾಬು, ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬರೇ ಒಬ್ಬ ಮುದುಕರು. ಒಳಗೆ ಕಾಲಿಟ್ಟರೆ ಎದುರಿಗೇ ಬ್ಯುರೆಟ್ಟು, ಅದರಲ್ಲಿ ನನ್ನ ಹಳೆಯ ನೀಲಿ ಬಣ್ಣ! ನಾನು ನೋಡುತ್ತ ನಿಂತ ರೀತಿಯಲ್ಲೇ ಅವರಿಗೆ ಏನೋ ಅರ್ಥವಾಯಿತು. ಪಕ್ಕಕ್ಕೆ ಸರಿದು ಬ್ಯುರೆಟ್ಟಿನ ತಿರುಪನ್ನು ನನ್ನ ಕೈಗೆ ಬಿಟ್ಟರು. ಹನಿ ಬಿಟ್ಟೆ. ಕೈ ಮರೆತಿರಲಿಲ್ಲ. ಚಮಚಕ್ಕೆ ನೂರನಲವತ್ತೊಂದು ಬಂತು. ಒಣಗಿಸುವಾಗ ಅಷ್ಟಿಷ್ಟು ಹೋಗುವುದೇ. ವೆಲಿಟಾ ಕಾರಿನ ಹತ್ತಿರ ಬಂದು ನನ್ನನ್ನು ತಬ್ಬಿಕೊಂಡಳು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಅಡಿಲೇಡಿನಲ್ಲಿ ಹನ್ನೊಂದು ಆರೋಗ್ಯ ಆಹಾರದ ಅಂಗಡಿಗಳಿರುವ ಒಂದು ಸಂಸ್ಥೆ, ಅಲ್ಲಿ ಮಾರ್ಗರೆಟ್ ಎಂಬ ಹೆಂಗಸು ಡಿಸೆಂಬರಿಗೆ ಶುರುವಾಗುವ ಇಲ್ಲಿಯ ಬೇಸಿಗೆಗೆ ಹೊಸ ಸರಕನ್ನು ಆರಿಸುವವಳು. ವೆಲಿಟಾ ಕಳಿಸಿದ ಪುಡಿ ಅವಳಿಗೆ ಹಿಡಿಸಿತ್ತು. ಸೆಪ್ಟೆಂಬರಿನ ಮೊದಲ ಗುರುವಾರ ಬಂದು ನೋಡಿ, ಆ ದಿನ ಬೇಸಿಗೆಯ ಶೆಲ್ಫಿನ ಪಟ್ಟಿ ಮುಗಿಯುತ್ತದೆ, ಆದರೆ ಬ್ರಿಸ್ಬೇನಿನ ದೊಡ್ಡ ಲ್ಯಾಬಿನಿಂದಲೂ ಒಂದು ವರದಿ ತನ್ನಿ ಎಂದು ಬರೆದಿದ್ದಳು. ವೆಲಿಟಾ ಲೇಬಲ್ ಹಚ್ಚಿದ ಎರಡು ಸಾವಿರ ಬಾಟಲಿಗಳನ್ನು ಗ್ಯಾರೇಜಿನಲ್ಲಿ ಜೋಡಿಸಿದಳು. ಲಿಯೋನಾರ್ಡನ ಕಾರು ಬೀದಿಗೆ ಬಂತು.

"ಕಾರಿಗೆ ಬಿಸಿಲು, ನೆಲ್ಲಿಕಾಯಿಗೆ ನೆರಳು. ನೋಡಿ ಆಂಟಿ ನನ್ನ ಅವಸ್ಥೆ" ಎನ್ನುತ್ತಿದ್ದ.

"ಬಿಸಿಲಿಗೆ ಕಾರಿನ ಒಗರು ಹೋಗ್ತದಾ ಎಂತ? ಸುಮ್ನಿರಿ ನೀವು" ಎನ್ನುತ್ತಿದ್ದಳು ವೆಲಿಟಾ.

ಅಡಿಲೇಡಿಗೆ ನಾನೂ ಬರಬೇಕೆಂದು ಅವಳ ಹಟ. ಎರಡು ಟಿಕೆಟ್ ತೆಗೆಸಿಯೂ ಆಗಿತ್ತು.

ಬ್ರಿಸ್ಬೇನಿನ ವರದಿ ಬಂದದ್ದು ಆ ಗುರುವಾರಕ್ಕೆ ಒಂದು ವಾರ ಮೊದಲು. ವೆಲಿಟಾ ಆಶ್ರಮದ ಯೂನಿಫಾರ್ಮಿನಲ್ಲೇ ನಮ್ಮ ಮನೆಗೆ ನುಗ್ಗಿದಳು, ಫೋನನ್ನು ನನ್ನ ಮೂಗಿಗೆ ಹಿಡಿದಳು.

"ಮೂವತ್ತೆಂಟಂತೆ! ನೂರೈವತ್ತು ಎಲ್ಲಿ, ಮೂವತ್ತೆಂಟು ಎಲ್ಲಿ! ಅವರ ಮಿಶಿನು ಹಾಳಾಗಿರ್ಬೇಕು ಆಂಟಿ. ಅಲ್ಲವಾ?"

"ಹೌದು ಕಣೆ. ಇಷ್ಟು ಕಡಿಮೆ ಬರೋಕೆ ಸಾಧ್ಯವೇ ಇಲ್ಲ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾಗಾದ್ರೆ ನಾನು ಪರ್ತಿನ ವರದಿಯನ್ನೇ ತೋರಿಸ್ತೇನೆ. ಬ್ರಿಸ್ಬೇನಿಂದು ಲೇಟಾಯ್ತು ಅಂತ ಹೇಳಿದ್ರೆ ಆಯ್ತು. ನೀವು ರೇಷ್ಮೆ ಸೀರೆ ಉಟ್ಕೊಂಡು ಬನ್ನಿ. ಮೂವತ್ತೊಂದು ವರ್ಷ ಇದನ್ನೇ ಅಳೆದಿದ್ದೇನೆ ಅಂತ ಒಂದು ಮಾತು ಹೇಳಿ. ನಿಮ್ಮ ಬಿಳಿ ಕೂದಲು ನೋಡಿದ್ರೆ ಯಾರೂ ಎದುರು ಮಾತಾಡುದಿಲ್ಲ."

ಆಗಲಿ ಎಂದೆ. ಅವಳು ಹೋದ ಮೇಲೆ ಬಿಸಿಬಿಸಿಯಾಗಿ ಬ್ರಿಸ್ಬೇನಿಗೆ ಫೋನು ಮಾಡಿದೆ. ಜಗಳಕ್ಕೆಂದೇ ಮಾಡಿದ್ದು. ಫೋನು ಎತ್ತಿದವಳ ಹೆಸರು ಕೆರಿ, ಪರೀಕ್ಷೆ ಮಾಡಿದವಳೂ ಅವಳೇ. ನಾನು ನನ್ನ ಅರ್ಹತೆ, ಅನುಭವ, ಆರುನೂರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕದಿರುವುದೂ ಒಂದು ಉಪಕಾರ.

"ನೀವು ಅಳೆದದ್ದು ತಪ್ಪಲ್ಲ" ಎಂದಳು ಕೊನೆಗೆ. "ನಿಮ್ಮ ನೀಲಿ ಬಣ್ಣ ಗುಂಪನ್ನು ಒಟ್ಟಿಗೆ ಎಣಿಸುತ್ತದೆ. ನನ್ನ ಯಂತ್ರ ಒಬ್ಬೊಬ್ಬರನ್ನೇ ಹೆಸರು ಕೇಳಿ ಒಳಗೆ ಬಿಡುತ್ತದೆ. ಅಷ್ಟೇ ವ್ಯತ್ಯಾಸ. ಈ ಹಣ್ಣು ತಿಂದರೆ ಬಾಯಿ ಒಣಗುತ್ತಲ್ಲ, ಆ ಅಂಶಗಳೂ ಬಣ್ಣವನ್ನು ಮಾಯ ಮಾಡುತ್ತವೆ."

ಒಗರು. ನೆಲ್ಲಿಕಾಯಿಯ ಒಗರು.

"ನನಗೂ ಅನುಮಾನ ಬಂದು ಇನ್ನೊಂದು ದಾರಿಯಲ್ಲಿ ನೋಡಿದೆ" ಎಂದಳು ಕೆರಿ. "ವಿಟಮಿನ್ ಸಿಯನ್ನು ಮಾತ್ರ ತಿಂದುಹಾಕಿ ಉಳಿದದ್ದನ್ನು ಹೆಚ್ಚುಕಡಿಮೆ ಹಾಗೇ ಬಿಡುವ ಒಂದು ಕಿಣ್ವವಿದೆ. ಸೌತೆಕಾಯಿಯಲ್ಲಿ ಬೇಕಾದಷ್ಟು ಇರುತ್ತದೆ. ಅದನ್ನು ಹಾಕಿದ ಮೇಲೂ ಬಣ್ಣ ಮಾಯವಾಗುತ್ತಿದ್ದರೆ ಅದು ವಿಟಮಿನ್ ಅಲ್ಲ ಅಂತ ಆಯಿತು. ನಿಮ್ಮ ಮನೆಯಲ್ಲಿ ಸೌತೆಕಾಯಿ ಇದೆಯಾ?"

ಕೋಸಂಬರಿಗೆಂದು ತಂದಿಟ್ಟದ್ದು ಫ್ರಿಜ್ಜಿನಲ್ಲಿ ಎರಡಿದ್ದವು.

ನೀಲಿ ಬಣ್ಣ ಮನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಬದಲು ಅಯೋಡಿನ್ ಆಗುತ್ತದೆ. ಬಸ್ಸು ಹಿಡಿದು ಔಷಧಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗಿ ನನ್ನ ಗಂಟುಕಟ್ಟಿದ ಬೆರಳುಗಳನ್ನು ಒಮ್ಮೆ ನೋಡಿ, ಬಾಟಲಿಯ ಬಿಗಿ ಮುಚ್ಚಳವನ್ನು ತಾನೇ ಒಂದು ಸಲ ತೆರೆದು, ಸಡಿಲವಾಗಿ ಮುಚ್ಚಿ ಕೊಟ್ಟಳು. ಮನೆಗೆ ಬಂದು ಅನ್ನ ಬಸಿದ ಗಂಜಿಯನ್ನು ತಣಿಸಿದೆ. ವಿಟಮಿನ್ ಇರುವ ತನಕ ಅಯೋಡಿನ್ ಹನಿ ಕರಗಿಹೋಗುತ್ತದೆ, ಮುಗಿದೊಡನೆ ಗಂಜಿ ನೀಲಿಯಾಗುತ್ತದೆ. ಅದೇ ಪ್ರಯೋಗ, ಬಡವರ ಮನೆಯದು. ಮೊಮ್ಮಗಳು ಮಗುವಾಗಿದ್ದಾಗಿನ ಔಷಧಿ ಡ್ರಾಪರೇ ಬ್ಯುರೆಟ್ಟು.

ಮೊದಲು ಗಂಜಿ ಬೆರೆಸಿದ ನಿಂಬೆರಸ. ಹನ್ನೊಂದು ಹನಿಗೆ ನೀಲಿಯಾಯಿತು. ಮತ್ತೊಂದು ಲೋಟ ನಿಂಬೆರಸಕ್ಕೆ ಹುಳಿ ತಗ್ಗಲು ಚಿಟಿಕೆ ಅಡುಗೆಸೋಡ ಹಾಕಿ, ತುರಿದು ಹಿಂಡಿದ ಸೌತೆಕಾಯಿಯ ರಸ ಬೆರೆಸಿ ಕಾಲುಗಂಟೆ ಬಿಟ್ಟೆ. ಎರಡನೇ ಹನಿಗೇ ನೀಲಿ. ವಿಟಮಿನ್ನನ್ನು ಸೌತೆಕಾಯಿ ಗುಡಿಸಿ ಹಾಕಿತ್ತು. ಕೆರಿ ಹೇಳಿದ್ದು ನಿಜ.

ಈಗ ನೆಲ್ಲಿಪುಡಿ ಕದಡಿದ ನೀರು. ಇಪ್ಪತ್ತನಾಲ್ಕು ಹನಿ. ನನ್ನ ವೀರ ನೆಲ್ಲಿಕಾಯಿ! ಅದರದೇ ಇನ್ನೊಂದು ಲೋಟಕ್ಕೆ ಸೋಡ, ಸೌತೆರಸ ಬೆರೆಸಿ ಗಡಿಯಾರ ನೋಡುತ್ತ ಕೂತೆ. ಕಾಲುಗಂಟೆಯಾದ ಮೇಲೆ ಡ್ರಾಪರ್ ಎತ್ತಿಕೊಂಡೆ. ಎರಡು ಹನಿ. ಮೂರು. ನೀಲಿಯಾಗು, ನೀಲಿಯಾಗು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹತ್ತು ಹನಿಯಾದರೂ ಲೋಟ ಬೆಳ್ಳಗೇ ಇತ್ತು. ಹದಿನೇಳನೆಯದಕ್ಕೆ ನೀಲಿ ನಿಂತಿತು.

ಅಷ್ಟರಲ್ಲಿ ಮಧುರಾ ಬಂದಳು. ಕಟ್ಟೆಯ ಮೇಲೆ ಒಂಬತ್ತು ಲೋಟ, ಎಲ್ಲ ಕಡೆ ನೀಲಿ ಕಲೆ.

"ಅಮ್ಮಾ! ಇದೇನ್ ಅಡುಗೆಮನೇನಾ, ಲ್ಯಾಬಾ? ಬೆಳಿಗ್ಗೆ ಬಿಟ್ಟು ಹೋದಾಗ ಚೆನ್ನಾಗೇ ಇದ್ದೆಯಲ್ಲಾ!"

"ಇಪ್ಪತ್ತನಾಲ್ಕರಲ್ಲಿ ಹದಿನೇಳು ಕಣೆ" ಎಂದೆ.

"ಏನು ಹದಿನೇಳು?"

"ವಿಟಮಿನ್ ಅಲ್ದೇ ಇರೋದು. ಮೂವತ್ತೊಂದು ವರ್ಷ ತಪ್ಪು ಹೇಳ್ಕೊಟ್ಟಿದೀನಿ."

ಮಧುರಾ ಬ್ಯಾಗು ಕೆಳಗಿಟ್ಟು ಬಂದು ಲೋಟಗಳನ್ನು ನೋಡಿದಳು. ಅವಳಿಗೆ ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಪುಸ್ತಕದಲ್ಲಿ ಹಾಗೇ ಇತ್ತಲ್ಲಮ್ಮ, ನೀನೇನ್ ಮಾಡ್ತೀಯ" ಎಂದಳು. ಬಟ್ಟೆ ತಂದು ಕಟ್ಟೆ ಒರೆಸತೊಡಗಿದಳು, ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ. "ವೆಲಿಟಾಗೆ ಯಾವಾಗ ಹೇಳ್ತೀಯ?"

"ಈಗಲೇ. ಕಾರಲ್ಲಿ ಬಿಡು ನನ್ನ."

ಸದರ್ನ್ ರಿವರಿನ ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ವೆಲಿಟಾ ನೆಲದ ಮೇಲೆ ಕೂತು ಅಡಿಲೇಡಿಗೆ ಒಯ್ಯುವ ಆರು ಬಾಟಲಿಗಳನ್ನು ಬಬಲ್ ಕಾಗದದಲ್ಲಿ ಸುತ್ತುತ್ತಿದ್ದಳು. ನನಗೆ ಕುರ್ಚಿ ತಂದುಕೊಟ್ಟಳು. ಕೂರಲಿಲ್ಲ. ನಿಂತೇ ಹೇಳಿದೆ. ಸೌತೆಕಾಯಿ, ಹನಿ, ಒಗರು ಎಲ್ಲ ಹೇಳಿದೆ. ಬ್ರಿಸ್ಬೇನಿನವರದೇ ಸರಿ, ಮಾರ್ಗರೆಟ್ಟಿನ ಎದುರು ನೂರೈವತ್ತು ಎಂದು ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ.

ಬಾಟಲಿ ಸುತ್ತುತ್ತಿದ್ದ ಕೈ ನಿಂತಿತು.

"ಲಕೋಟೆಯಲ್ಲಿ ಲೆಕ್ಕ ಬರೆದ ದಿನವೇ ಹೇಳಿದ್ರೆ ಆಗ್ತಿತ್ತು ಆಂಟಿ" ಎಂದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಆ ದಿನ 'ಗೊತ್ತಿಲ್ಲ, ಪರೀಕ್ಷೆ ಮಾಡ್ಸು' ಅಂತ ಒಂದು ಮಾತು."

ಲಿಯೋನಾರ್ಡ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. "ಎಂತ, ಹೋಗುದಾ ಬೇಡವಾ ಹಾಗಾದ್ರೆ?"

"ಟಿಕೆಟ್ ವಾಪಸ್ ಆಗುದಿಲ್ಲ" ಎಂದಳು ವೆಲಿಟಾ, ನನ್ನ ಕಡೆ ನೋಡದೆ. "ಗುರುವಾರ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಬರ್ತೇನೆ. ರೆಡಿ ಇರಿ."

ಅವಳು ಅಡಿಲೇಡಿನಲ್ಲಿ ಏನು ಮಾಡುತ್ತಾಳೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಪರ್ತಿನ ವರದಿ ಒಂದನ್ನೇ ತೋರಿಸಿದರೂ ಅವಳ ಕೆಲಸ ಆಗುತ್ತಿತ್ತು. ನಾನು ಸುಮ್ಮನೆ ಪಕ್ಕದಲ್ಲಿ ಕೂತರೂ ಬಿಳಿ ಕೂದಲು ಅದರ ಕೆಲಸ ಮಾಡುತ್ತಿತ್ತು. ವಿಮಾನದಲ್ಲಿ ಮೂರು ಗಂಟೆ ನಮ್ಮ ನಡುವೆ ಒಂದೇ ಒಂದು ಮಾತು: "ಕಿಟಕಿ ಸೀಟು ನೀವು ತಗೊಳ್ಳಿ." ಅವಳು ನಡುವಿನ ಇಕ್ಕಟ್ಟಿನಲ್ಲಿ ಮೊಣಕೈ ಮಡಚಿ ಕೂತು, ಫೈಲನ್ನು ಎದೆಗೊತ್ತಿ ಹಿಡಿದಿದ್ದಳು. ಆ ಫೈಲಿನಲ್ಲಿ ಎಷ್ಟು ಹಾಳೆಗಳಿವೆ ಎಂದು ನಾನು ಅಂಚಿನಿಂದಲೇ ಎಣಿಸಲು ನೋಡಿದೆ. ಆಗಲಿಲ್ಲ. ತಿಂಡಿಯ ಗಾಡಿ ಬಂತು. ಅವಳೂ ಬೇಡವೆಂದಳು, ನಾನೂ ಬೇಡವೆಂದೆ.

ಅಡಿಲೇಡಿನ ಗಡಿಯಾರ ಪರ್ತಿಗಿಂತ ಒಂದೂವರೆ ಗಂಟೆ ಮುಂದೆ. ಇಳಿಯುವಾಗಲೇ ಅರ್ಧ ದಿನ ಖರ್ಚಾದ ಹಾಗಿತ್ತು. ಊರು ಹಲಗೆಯ ಮೇಲೆ ಗೆರೆ ಎಳೆದಂತೆ ಅಚ್ಚುಕಟ್ಟು, ಬೀದಿಗಳೆಲ್ಲ ನೇರ. ಸಿಟಿಯೊಳಗೆ ಟ್ರಾಮು ಬಿಟ್ಟಿ. ನಾವು ತಪ್ಪು ಸ್ಟಾಪಿನಲ್ಲಿ ಇಳಿದೆವು. ಪಿಟೀಲಿನ ಪೆಟ್ಟಿಗೆ ಹೊತ್ತ ಒಬ್ಬ ತರುಣಿ ತನ್ನ ದಾರಿ ಬಿಟ್ಟು, ಮೂಲೆಯವರೆಗೆ ನಮ್ಮ ಜೊತೆ ನಡೆದು ಕಟ್ಟಡ ತೋರಿಸಿ ಓಡಿದಳು. ಅವಳಿಗೆ ತಡವಾಗಿತ್ತೆಂದು ಓಟದಲ್ಲೇ ಗೊತ್ತಾಯಿತು.

ಮಾರ್ಗರೆಟ್ ಐವತ್ತೈದರ, ಗಿಡ್ಡ ಕೂದಲಿನ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಹೆಂಗಸು. ಮೇಜಿನ ಮೇಲೆ ಬೇಸಿಗೆಯ ಪಟ್ಟಿ, ಅದರಲ್ಲಿ ಒಂದು ಸಾಲು ಖಾಲಿ. ಬೆರಳಿಟ್ಟು ತೋರಿಸಿ, "ಇದು ನಿಮಗೇ ಇಟ್ಟದ್ದು" ಎಂದಳು ನಗುತ್ತ. "ವರದಿ ತಂದಿರಾ?"

ವೆಲಿಟಾ ಆ ಖಾಲಿ ಸಾಲನ್ನೇ ನೋಡಿದಳು. ನಂತರ ಫೈಲು ತೆರೆದಳು. ಒಳಗೆ ಎರಡೂ ಇದ್ದವು. ಮೇಲಿದ್ದದ್ದು ಬ್ರಿಸ್ಬೇನಿನದು. ಅದನ್ನು ಮಾರ್ಗರೆಟ್ಟಿನ ಕಡೆ ತಿರುಗಿಸಿ ತಳ್ಳಿದಳು.

"ಲೇಬಲ್ಲಿನಲ್ಲಿ ನೂರೈವತ್ತು ಅಂತ ಇದೆ. ಇರೋದು ಮೂವತ್ತೆಂಟು" ಎಂದಳು ಇಂಗ್ಲಿಷಿನಲ್ಲಿ, ಔಷಧಿಯ ಡೋಸು ಹೇಳುವ ಫಾರ್ಮಸಿಸ್ಟಿನ ಸ್ಪಷ್ಟ ದನಿಯಲ್ಲಿ.

ಮಾರ್ಗರೆಟ್ ಕನ್ನಡಕ ಏರಿಸಿದಳು. "ನೂರೈವತ್ತು ಎಲ್ಲಿಂದ ಬಂತು?"

"ನಮ್ಮ ಲೆಕ್ಕ ತಪ್ಪಿತ್ತು."

"ನಮ್ಮದಲ್ಲ, ನನ್ನದು" ಎಂದೆ. ಲಕೋಟೆಯಿಂದ ಸೌತೆಕಾಯಿಯವರೆಗೆ ಎಲ್ಲವನ್ನೂ ಹೇಳಿದೆ. ರೇಷ್ಮೆ ಸೀರೆ ಉಟ್ಟಿರಲಿಲ್ಲ, ನೂಲಿನದೇ ಉಟ್ಟಿದ್ದೆ. ಮಾರ್ಗರೆಟ್ ಸೌತೆಕಾಯಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಬಾಟಲಿ ತೆರೆದು, ಬೆರಳ ತುದಿಗೆ ಪುಡಿ ಅಂಟಿಸಿ ನೆಕ್ಕಿದಳು. ಮುಖವೆಲ್ಲ ಒಂದು ಬಿಂದುವಿಗೆ ಸೇರಿತು.

"ಬಾಯೆಲ್ಲ ಎಳೆದುಕೊಳ್ಳುತ್ತಲ್ಲ, ಇದೇನಾ ಆ ಹದಿನೇಳು ಹನಿ?"

"ಅದೇ" ಎಂದೆ.

"ಒಂದು ಗುಟುಕು ನೀರು ಕುಡಿದು ನೋಡಿ" ಎಂದಳು ವೆಲಿಟಾ. ಕುಡಿದಳು. ನೀರು ಸಿಹಿಯಾದದ್ದು ಅವಳ ಕಣ್ಣಲ್ಲಿ ಕಾಣಿಸಿತು. ಮೂವರೂ ನಕ್ಕೆವು. ನನಗೆ ಒಂದು ನಿಮಿಷ ಎಲ್ಲ ಸರಿಹೋಗುತ್ತದೆ ಅನ್ನಿಸಿತು.

ಸರಿಹೋಗಲಿಲ್ಲ. ಮಾರ್ಗರೆಟ್ ಪೆನ್ನು ಎತ್ತಿಕೊಂಡು ಖಾಲಿ ಸಾಲಿನಲ್ಲಿ ಬೇರೊಂದು ಹೆಸರು ಬರೆದಳು. ಬರೆಯುವ ಮೊದಲು ವೆಲಿಟಾಳ ಮುಖ ನೋಡಿ, "ಸಾರಿ, ಲವ್" ಎಂದಳು, ಇಲ್ಲಿಯವರು ಅಕ್ಕರೆಯಿಂದ ಕರೆಯುವ ಹಾಗೆ. ತಪ್ಪು ಅಂಕಿಯ ಬಾಟಲಿ ಶೆಲ್ಫಿಗೆ ಹೋಗುವಂತಿಲ್ಲ, ಹೊಸ ಲೇಬಲ್ಲಿಗೆ ಕಾಯುವಷ್ಟು ಸಮಯವೂ ಇಲ್ಲ. ಬೇಸಿಗೆ ಹೋಯಿತು. "ಆ ಒಗರಿನ ಅಂಶಗಳಲ್ಲೂ ಆಂಟಿಆಕ್ಸಿಡೆಂಟ್ ಇರುತ್ತದಂತಲ್ಲ, ಬ್ರಿಸ್ಬೇನಿನಲ್ಲೇ ಅದನ್ನೂ ಅಳೆಯಿಸಿ. ಇರುವುದನ್ನು ಇರುವಷ್ಟೇ ಬರೆಯಿರಿ. ಮಾರ್ಚಿನಲ್ಲಿ ತನ್ನಿ, ನೋಡೋಣ. ಮಾತು ಕೊಡುವುದಿಲ್ಲ." ಲಿಫ್ಟಿನ ತನಕ ಬಂದು, ನಾವು ಒಳಗೆ ಹೋಗುವವರೆಗೂ ಬಾಗಿಲ ಗುಂಡಿ ಒತ್ತಿ ನಿಂತಿದ್ದಳು.

ವಾಪಸ್ ವಿಮಾನ ಸಂಜೆಗೆ. ಹೊಳೆಯ ದಂಡೆಯಲ್ಲಿ ಹುಲ್ಲಿನ ನಡುವೆ ಒಂದು ಬೆಂಚು ಸಿಕ್ಕಿತು. ಕಪ್ಪು ಹಂಸಗಳು ನಮ್ಮಿಂದ ಏನಾದರೂ ಸಿಗಬಹುದೆಂದು ಹತ್ತಿರ ಬಂದು, ಸಿಗದೆಂದು ತಿಳಿದು ಹೋದವು. ವೆಲಿಟಾ ಲಿಯೋನಾರ್ಡ್‌ಗೆ ಫೋನು ಮಾಡಿದಳು.

"ಇಲ್ಲ, ಆಗ್ಲಿಲ್ಲ... ಹೌದು, ಬ್ರಿಸ್ಬೇನಿಂದೇ ತೋರಿಸಿದೆ... ಬಿಸಿನೀರಲ್ಲಿ ನೆನೆಸಿದ್ರೆ ಲೇಬಲ್ ಬರ್ತದೆ... ಎರಡು ಸಾವಿರವೂ. ಮತ್ತೆ ಯಾರು, ನೀವೇ!"

ಆ ಕಡೆಯಿಂದ ಲಿಯೋನಾರ್ಡ್ ಏನೋ ಹೇಳಿದ. ಅವಳ ತುಟಿಯ ಒಂದು ಮೂಲೆ ನಗುವಿಗೆ ಏರಿ, ತಕ್ಷಣ ಇಳಿಯಿತು. ಫೋನು ಚೀಲಕ್ಕೆ ಹಾಕಿ ಹೊಳೆಯನ್ನು ನೋಡುತ್ತ ಕೂತಳು. ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

"ವೆಲಿಟಾ" ಎಂದೆ. "ನನ್ನಿಂದ ಹೀಗಾಯ್ತಲ್ಲಮ್ಮ..."

"ಎಂತದ್ದೂ ಬೇಡ ಆಂಟಿ ಈಗ."

ಮಧ್ಯಾಹ್ನ ಎರಡೂವರೆಯಾಗಿತ್ತು. ಬೆಳಗಿನಿಂದ ಇಬ್ಬರ ಹೊಟ್ಟೆಗೂ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಹಸಿವಾಗಿದೆ ಎಂದು ಹೇಳಲು ನನಗೆ ಬಾಯಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ವೆಲಿಟಾ ಚೀಲವನ್ನು ತೊಡೆಯ ಮೇಲೆಳೆದುಕೊಂಡಳು. ಮೇಲಿದ್ದ ಹಳೆಯ ಡಬ್ಬಿಯನ್ನು ತೆಗೆದು ತನ್ನ ಬದಿಗೆ, ನನ್ನಿಂದ ದೂರಕ್ಕೆ ಇಟ್ಟುಕೊಂಡಳು. ಅದರಲ್ಲಿ ಮೀನು ಇದ್ದಿರಬೇಕು. ಅಡಿಯಿಂದ ಇನ್ನೊಂದನ್ನು ತೆಗೆದಳು. ಶುಭ್ರ ಬಟ್ಟೆಯಲ್ಲಿ ಸುತ್ತಿದ ಹೊಸ ಸ್ಟೀಲಿನ ಡಬ್ಬಿ, ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಮುಚ್ಚಳ ಬಿಗಿಯಾಗಿತ್ತು. ಅದನ್ನು ತಾನೇ ತೆರೆದಳು. ನಾಲ್ಕಾಗಿ ಮಡಚಿದ ನೀರುದೋಸೆ, ಪಕ್ಕದಲ್ಲಿ ಕಾಯಿಚಟ್ನಿ, ಬೆಲ್ಲ ಬೆರೆಸಿದ ಕಾಯಿತುರಿ.

ಡಬ್ಬಿಯನ್ನು ನನ್ನ ಎರಡು ಕೈಗಳ ನಡುವೆ ಇಟ್ಟಳು.